ಕಿಬ್ಬೊಟ್ಟೆಯಲ್ಲಿ ಗಡ್ಡೆ ಕಂಡರೆ: ನಲವತ್ತು ದಾಟಿದ ಹೆಂಗಸರಿಗೆ ತಪಾಸಣೆಯ ದಾರಿ

ಸ್ಕ್ಯಾನಿಂಗ್ ವರದಿಯ ಕೊನೆಯ ಸಾಲಿನಲ್ಲಿ 'ಪೆಲ್ವಿಕ್ ಮಾಸ್' ಎಂದೋ 'ಅಡ್ನೆಕ್ಸಲ್ ಲೀಷನ್' ಎಂದೋ ಬರೆದಿರುತ್ತದೆ. ಕಾಸರಗೋಡಿನಲ್ಲಿ ಬದಿಯಡ್ಕದ ಬಸ್ಸು ಹತ್ತುವಷ್ಟರಲ್ಲಿ ಅದು 'ಗಡ್ಡೆ' ಆಗುತ್ತದೆ, ಮನೆಯಂಗಳಕ್ಕೆ ಬರುವಾಗ ಕ್ಯಾನ್ಸರೇ ಆಗಿಬಿಟ್ಟಿರುತ್ತದೆ. ಗಡ್ಡೆ ಎಂಬುದು ರೋಗದ ಹೆಸರಲ್ಲ. ಕೈಗೆ ಸಿಕ್ಕಿದ್ದನ್ನೋ ಪರದೆಯಲ್ಲಿ ಕಂಡದ್ದನ್ನೋ ಹೇಳುವ ಮಾತು, ಅಷ್ಟೆ. ಅದಕ್ಕೆ ಹೆಸರಿಡಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಅದು ಯಾವ ಅಂಗದಿಂದ ಹುಟ್ಟಿದೆ? ಒಳಗಿರುವುದು ನೀರೋ, ಗಟ್ಟಿ ಮಾಂಸವೋ, ಎರಡೂ ಬೆರೆತದ್ದೋ? ಆಕೆಗೆ ಮುಟ್ಟು ನಿಂತಿದೆಯೋ, ಇನ್ನೂ ಬರುತ್ತಿದೆಯೋ? ಈ ಮೂರೂ ತಿಳಿಯದೆ ಆಪರೇಷನ್ನಿಗೆ ದಿನ ಗೊತ್ತುಮಾಡುವುದು ಅವಸರ. ತುರ್ತು ಸ್ಥಿತಿಯ ಮಾತು ಬೇರೆ. ಅದನ್ನು ಮೊದಲೇ ಹೇಳಿಬಿಡೋಣ.

ಕಾಯಬಾರದ ಹೊತ್ತು

ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದು, ಜೊತೆಗೆ ವಾಂತಿಯೂ ಆದರೆ ಅಂಡಾಶಯ ತನ್ನ ಬುಡದಲ್ಲೇ ತಿರುಚಿಕೊಂಡಿರಬಹುದು. ಇದು 5 ಸೆಂ.ಮೀ.ಗಿಂತ ದೊಡ್ಡ ಗುಳ್ಳೆಗಳಲ್ಲಿ, ಅದರಲ್ಲೂ ಒಳಗೆ ಜಿಡ್ಡು, ಕೂದಲು ತುಂಬಿದ ಡರ್ಮಾಯ್ಡ್ ಗಡ್ಡೆಗಳಲ್ಲಿ ಹೆಚ್ಚು. ತಿರುಚಿದಾಗ ರಕ್ತದ ಹರಿವು ನಿಲ್ಲುತ್ತದೆ. ಅಂಡಾಶಯ ಉಳಿಯುವುದೂ ಸಾಯುವುದೂ ಗಂಟೆಗಳ ಲೆಕ್ಕ. ನೋವು ಬಂದು ಹೋದರೆ ಕಡಿಮೆಯಾಯಿತೆಂದು ಮಲಗಬೇಡಿ, ತಿರುಚು ಬಿಚ್ಚಿ ಮತ್ತೆ ತಿರುಚುವುದೂ ಉಂಟು. ಮುಟ್ಟು ತಪ್ಪಿ, ಹೊಟ್ಟೆನೋವಿನ ಜೊತೆ ತಲೆ ತಿರುಗಿ ಬಿದ್ದರೆ ಅಂಡನಾಳದಲ್ಲಿ ನಿಂತ ಗರ್ಭ ಒಡೆದಿರಬಹುದು. ಚಳಿಜ್ವರದೊಂದಿಗೆ ಕಿಬ್ಬೊಟ್ಟೆ ಮುಟ್ಟಲಾಗದಷ್ಟು ನೋಯುವುದು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋಗುವುದು, ಮೂತ್ರ ಪೂರ್ತಿ ಕಟ್ಟುವುದು, ಹೊಟ್ಟೆ ಉಬ್ಬಿ ವಾಂತಿಯಾಗುತ್ತ ಗಾಳಿಯೂ ಹೋಗದಿರುವುದು: ಇವೆಲ್ಲ ಅದೇ ರಾತ್ರಿ ಆಸ್ಪತ್ರೆಗೆ ಹೋಗುವಂಥವು. ಹೊರಡುವಾಗ ಕಷಾಯ, ಗಂಜಿ ಯಾವುದನ್ನೂ ಕುಡಿಸಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ಗಡ್ಡೆಯಲ್ಲದ ಗಡ್ಡೆ

ತುಂಬಿದ ಮೂತ್ರಕೋಶ ಕೈಗೆ ಗಟ್ಟಿ ಗಡ್ಡೆಯಂತೆಯೇ ಸಿಗುತ್ತದೆ. ಆದ್ದರಿಂದ ಹೊಟ್ಟೆ ಮುಟ್ಟಿ ನೋಡುವ ಮೊದಲು ಒಂದಕ್ಕೆ ಹೋಗಿ ಬರಲು ಹೇಳುತ್ತಾರೆ. ನಾಲ್ಕೈದು ದಿನ ಮಲಬದ್ಧತೆಯಿದ್ದರೆ ಎಡಬದಿಯಲ್ಲಿ ಸಿಗುವ ಗಂಟು ಬರೀ ಮಲವೂ ಆಗಿರಬಹುದು. ಹುಟ್ಟಿನಿಂದಲೇ ಕೆಳಗೆ ಕೂತ ಮೂತ್ರಪಿಂಡವೊಂದು ಅಪರೂಪಕ್ಕೆ ಗಡ್ಡೆಯ ಹೆಸರು ಪಡೆಯುತ್ತದೆ. ಇನ್ನೊಂದು ಗರ್ಭ. ನಲವತ್ತೈದರಲ್ಲಿ ಮುಟ್ಟು ತಪ್ಪಿದರೆ 'ನಿಲ್ಲುವ ಕಾಲ' ಎಂದು ಎಲ್ಲರೂ ತೀರ್ಮಾನಿಸಿರುತ್ತಾರೆ. ಮಗಳ ಮದುವೆಯ ಮಾತುಕತೆ ನಡೆಯುವ ಮನೆಯಲ್ಲಿ ಮೂತ್ರದ ಗರ್ಭ ಪರೀಕ್ಷೆಗೆ ಹೇಳಿದರೆ ಮುಖ ಕೆಂಪಾಗುತ್ತದೆ. ಆದರೂ ಮುಟ್ಟು ಪೂರ್ತಿ ನಿಲ್ಲದ ಪ್ರತಿಯೊಬ್ಬ ಹೆಂಗಸಿಗೂ ಮೊದಲ ಪರೀಕ್ಷೆ ಅದೇ. ಸಂತಾನಹರಣ ಶಸ್ತ್ರ ಆಗಿದ್ದರೂ ಮಾಡಬೇಕು, ಶಸ್ತ್ರ ವಿಫಲವಾದಾಗ ಗರ್ಭ ನಾಳದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು.

ಗರ್ಭಕೋಶದಿಂದ ಹುಟ್ಟುವುದು

ಈ ವಯಸ್ಸಿನಲ್ಲಿ ಅತಿ ಸಾಮಾನ್ಯವಾದದ್ದು ಫೈಬ್ರಾಯ್ಡ್, ಅಂದರೆ ನಾರುಗಡ್ಡೆ. ಐವತ್ತು ತುಂಬುವಾಗ ಅರ್ಧಕ್ಕಿಂತ ಹೆಚ್ಚು ಹೆಂಗಸರ ಗರ್ಭಕೋಶದಲ್ಲಿ ಸಣ್ಣದೋ ದೊಡ್ಡದೋ ಒಂದಾದರೂ ಇರುತ್ತದೆ, ಬಹಳಷ್ಟು ಮಂದಿಗೆ ಅದರ ಸುದ್ದಿಯೇ ಇರುವುದಿಲ್ಲ. ತೊಂದರೆ ಎಷ್ಟೆಂಬುದನ್ನು ನಿರ್ಧರಿಸುವುದು ಗಾತ್ರಕ್ಕಿಂತ ಜಾಗ. ಗರ್ಭಕೋಶದ ಒಳಪದರಕ್ಕೆ ಚಾಚಿದ 2 ಸೆಂ.ಮೀ. ಗಡ್ಡೆ, ಅಂದರೆ ಸುಲಿದ ಒಂದು ಅಡಿಕೆಯಷ್ಟಿರುವುದು, ತಿಂಗಳು ತಿಂಗಳೂ ರಕ್ತ ಬಸಿಯುತ್ತದೆ. ಹೊರಮೈಯಲ್ಲಿ ಮೂಸಂಬಿಯಷ್ಟು ದಪ್ಪವಾಗಿ ಕೂತದ್ದು ಒಂದು ಹನಿಯನ್ನೂ ಹೆಚ್ಚು ಹರಿಸದೆ ಇದ್ದುಬಿಡಬಹುದು. ಆದರೆ ಮುಂದಕ್ಕೆ ಒತ್ತಿದರೆ ಪದೇ ಪದೇ ಮೂತ್ರ, ಹಿಂದಕ್ಕೆ ಒತ್ತಿದರೆ ಮಲಬದ್ಧತೆ. ತೀರಾ ದೊಡ್ಡದಾದರೆ ಮೂತ್ರನಾಳ ಒತ್ತಿ ಮೂತ್ರಪಿಂಡ ಊದಿಕೊಳ್ಳುವುದೂ ಇದೆ, ಅದಕ್ಕೇ ಸ್ಕ್ಯಾನಿನಲ್ಲಿ ಮೂತ್ರಪಿಂಡಗಳನ್ನೂ ನೋಡಬೇಕು.

ಮುಟ್ಟು ನಿಂತ ಮೇಲೆ ನಾರುಗಡ್ಡೆ ಸಾಮಾನ್ಯವಾಗಿ ಕುಗ್ಗುತ್ತದೆ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳದೆಯೂ, ಮುಟ್ಟು ನಿಂತ ನಂತರ ಅದು ಬೆಳೆಯತೊಡಗಿದರೆ ಸಾರ್ಕೋಮ ಎಂಬ ಅಪರೂಪದ ಕ್ಯಾನ್ಸರಿನ ಬಗ್ಗೆ ಯೋಚಿಸಲೇಬೇಕು.

ಅಡಿನೋಮಯೋಸಿಸ್ ಇದರ ನೆರೆಯದು. ಇಲ್ಲಿ ಬೇರೆ ಗಂಟಿರುವುದಿಲ್ಲ, ಇಡೀ ಗರ್ಭಕೋಶವೇ ಹಿಟ್ಟು ಹುದುಗಿದಂತೆ ಸಮನಾಗಿ ಊದಿರುತ್ತದೆ. ವರದಿಯಲ್ಲಿ 'ಬಲ್ಕಿ ಯೂಟರಸ್' ಎಂದು ಬರುವುದು ಹೆಚ್ಚಾಗಿ ಇದೇ. ಮುಟ್ಟಿನ ನೋವು ವರ್ಷದಿಂದ ವರ್ಷಕ್ಕೆ ಏರುವುದು ಇದರ ಗುರುತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಗಡ್ಡೆಯಾಗಿ ಕಾಣುವುದಕ್ಕಿಂತ ರಕ್ತಸ್ರಾವವಾಗಿಯೇ ಮೊದಲು ಕಾಣಿಸುತ್ತದೆ.

ಅಂಡಾಶಯದಿಂದ ಹುಟ್ಟುವುದು

ಮುಟ್ಟು ಬರುತ್ತಿರುವವರಲ್ಲಿ ಅಂಡಾಶಯ ಪ್ರತಿ ತಿಂಗಳೂ ಒಂದು ಸಣ್ಣ ನೀರುಗುಳ್ಳೆ ಮಾಡಿ ಒಡೆಯುತ್ತದೆ, ಅದು ಅದರ ಕೆಲಸ. ಕೆಲವೊಮ್ಮೆ ಒಡೆಯದೆ 4–5 ಸೆಂ.ಮೀ. ತನಕ ಬೆಳೆದು, ಒಂದೆರಡು ತಿಂಗಳಲ್ಲಿ ತಾನೇ ಕರಗುತ್ತದೆ. ಇಂಥದ್ದಕ್ಕೆ 'ಸಿಸ್ಟ್ ಕರಗುವ ಮಾತ್ರೆ' ಕೊಟ್ಟವರಿಗೆ ಸುಲಭದ ಹೆಸರು ಸಿಗುತ್ತದೆ. ಮಾತ್ರೆಯಿಲ್ಲದೆಯೂ ಅದು ಕರಗುತ್ತಿತ್ತು.

ಎಂಡೋಮೆಟ್ರಿಯೋಸಿಸ್‌ನ ಚಾಕೊಲೇಟ್ ಸಿಸ್ಟ್ ಒಳಗೆ ಹಳೆಯ ರಕ್ತವಿರುತ್ತದೆ; ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯುವ ರೋಗವೇ ಎಂಡೋಮೆಟ್ರಿಯೋಸಿಸ್. ಡರ್ಮಾಯ್ಡಿನಲ್ಲಿ ಜಿಡ್ಡು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಸಿಗುತ್ತದೆ. ಯಾರೋ ಮಾಟ ಮಾಡಿದ್ದಲ್ಲ, ಅಂಡದ ಜೀವಕೋಶಕ್ಕೆ ಯಾವ ಅಂಗಾಂಶವಾಗಿಯೂ ಬೆಳೆಯುವ ಶಕ್ತಿ ಇರುವುದರಿಂದ ಹಾಗಾಗುತ್ತದೆ. ಇನ್ನು ಸಿಸ್ಟಡಿನೋಮಾಗಳು, ಅಂದರೆ ನೀರೋ ಲೋಳೆಯೋ ತುಂಬಿ ಬೆಳೆಯುವ ಗುಳ್ಳೆಗಡ್ಡೆಗಳು. ಅದರಲ್ಲಿ ಲೋಳೆ ತುಂಬಿದ ಜಾತಿ ಹೊಟ್ಟೆಯಿಡೀ ಆವರಿಸುವಷ್ಟು ಬೆಳೆದೂ ಕ್ಯಾನ್ಸರ್ ಆಗಿರದೆ ಇರಬಹುದು. ಗಾತ್ರ ನೋಡಿ ಹೆದರುವುದೂ ತಪ್ಪು, ಗಾತ್ರ ನೋಡಿ ನಿಶ್ಚಿಂತರಾಗುವುದೂ ತಪ್ಪು.

ಅಂಡಾಶಯದ ಕ್ಯಾನ್ಸರ್ ಮೊದಲು ಮಾತಾಡುವುದು ಹೊಟ್ಟೆಯ ಭಾಷೆಯಲ್ಲಿ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರದ ಅವಸರ. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, 'ಗ್ಯಾಸ್ಟ್ರಿಕ್'. ಓಮದ ಕಷಾಯ, ಜೀರಿಗೆ ನೀರು, ಮೆಡಿಕಲ್ ಅಂಗಡಿಯ ಮಾತ್ರೆ ಎಂದು ಆರು ತಿಂಗಳು ಹೋಗುತ್ತದೆ. ಹಿಂದೆ ಇಲ್ಲದ ಈ ತೊಂದರೆಗಳು ಕಳೆದ ಒಂದು ವರ್ಷದೊಳಗೆ ಶುರುವಾಗಿ, ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡಿದರೆ ಗ್ಯಾಸ್ ಎಂದು ಬಿಡದೆ ಸ್ಕ್ಯಾನ್ ಮಾಡಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಉಬ್ಬರವಿದ್ದ ದಿನಕ್ಕೊಂದು ಗೀಟು ಹಾಕಿದರೆ ಲೆಕ್ಕ ತಪ್ಪುವುದಿಲ್ಲ.

ಗರ್ಭಕೋಶ ತೆಗೆಸಿಕೊಂಡವರು 'ನನಗೆ ಇನ್ನೇನು ಬರಲಿಕ್ಕಿದೆ' ಎನ್ನುತ್ತಾರೆ. ಅಂಡಾಶಯ ಉಳಿಸಿದ್ದರೆ ಅದರಲ್ಲಿ ಗಡ್ಡೆ ಬರಬಹುದು. ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ ಏನೇನು ತೆಗೆದಿದ್ದಾರೆಂದು ನೋಡಿ.

ಉಳಿದವು, ಮತ್ತು ಕ್ಷಯ

ಸೋಂಕಿನಿಂದ ನಾಳದಲ್ಲಿ ನೀರೋ ಕೀವೋ ತುಂಬುವುದು, ಅಪೆಂಡಿಕ್ಸಿನ ಸುತ್ತ ಕಟ್ಟಿದ ಗಡ್ಡೆ, ದೊಡ್ಡಕರುಳಿನ ಕ್ಯಾನ್ಸರ್ ಕೂಡ ಇದೇ ಜಾಗದಲ್ಲಿ ಕೈಗೆ ಸಿಗುತ್ತವೆ. ಜಠರ, ಕರುಳು, ಸ್ತನದ ಕ್ಯಾನ್ಸರ್ ಎರಡೂ ಅಂಡಾಶಯಗಳಿಗೆ ಹರಡಿ ಅಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಸ್ತನ ಪರೀಕ್ಷೆ ಮಾಡದ ತಪಾಸಣೆ ಅರ್ಧ ತಪಾಸಣೆ.

ಕ್ಷಯದ ಬಗ್ಗೆ ಎರಡು ಮಾತು ಹೆಚ್ಚು ಬೇಕು. ಹೊಟ್ಟೆಯ ಕ್ಷಯ ಅಂಡಾಶಯದ ಕ್ಯಾನ್ಸರಿನ ವೇಷ ಹಾಕಿ ಬರುತ್ತದೆ: ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಸ್ಕ್ಯಾನಿನಲ್ಲಿ ಗಡ್ಡೆ, ರಕ್ತದಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಒಂದು ಪ್ರೋಟೀನ್) ನೂರಾರು. ಕೆಮ್ಮು ಇರಲೇಬೇಕೆಂದಿಲ್ಲ. ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದದ್ದು, ಇವನ್ನು ತಪ್ಪದೆ ಹೇಳಿ. ಹೊಟ್ಟೆಯ ನೀರಿನ ಎಡಿಎ (ಕ್ಷಯದಲ್ಲಿ ಏರುವ ಒಂದು ಕಿಣ್ವ) ಪರೀಕ್ಷೆ, ಒಳಪೊರೆಯ ಬಯಾಪ್ಸಿ ಇವುಗಳಿಂದ ಗೊತ್ತಾಗುತ್ತದೆ. ಮಾತ್ರೆಯಲ್ಲಿ ಗುಣವಾಗುವ ರೋಗಕ್ಕೆ ಹೊಟ್ಟೆ ಕೊಯ್ಸಿಕೊಂಡವರಿದ್ದಾರೆ.

ಡಾಕ್ಟರ ಹತ್ತಿರ ಹೋಗುವ ಮೊದಲು

ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೊನೆಯ ಮುಟ್ಟಿನ ದಿನ, ಎಷ್ಟು ದಿನಕ್ಕೊಮ್ಮೆ, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ, ಹೆಪ್ಪು ಬೀಳುತ್ತದೆಯೇ. ನಿಂತಿದ್ದರೆ ಯಾವ ತಿಂಗಳಿಂದ. ಪೂರ್ತಿ 12 ತಿಂಗಳು ಮುಟ್ಟಿಲ್ಲದಿದ್ದರೆ ಮಾತ್ರ ನಿಂತಿದೆ ಎಂಬ ಲೆಕ್ಕ. ಅದರ ನಂತರ ಒಂದು ಕಲೆ ಕಂಡರೂ ಹೇಳಬೇಕು. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆ ಇವರಲ್ಲಿ ಯಾರಿಗಾದರೂ ಸ್ತನ, ಅಂಡಾಶಯ, ಗರ್ಭಕೋಶ, ಕರುಳಿನ ಕ್ಯಾನ್ಸರ್ ಇತ್ತೇ? ತಂದೆಯ ಕಡೆಯದನ್ನೂ ಬರೆಯಿರಿ. ಬಿಆರ್‌ಸಿಎ ಎಂಬ, ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ದಾರಿಮಾಡುವ ಜೀನು ತಂದೆಯಿಂದಲೂ ಬರುತ್ತದೆ, ಅದನ್ನು ಕೇಳುವವರೂ ಹೇಳುವವರೂ ಕಡಿಮೆ.

ಕಾಸರಗೋಡಿನ ಸರಕಾರಿ ಆಸ್ಪತ್ರೆಯಲ್ಲಿ ಮಾತು ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತದೆ. ಎಣ್ಮಕಜೆ, ಪೆರ್ಲದ ಕಡೆಯ ಹಿರಿಯರಿಗೆ ಒಂದು ಎಡವಟ್ಟು ಆಗಾಗ ಆಗುವಂಥದ್ದು: 'ಗರ್ಭಪಾತ್ರಂ' ಎಂದರೆ ಮಲಯಾಳದಲ್ಲಿ ಗರ್ಭಕೋಶ, ಕನ್ನಡದ ಕಿವಿಗೆ ಅದು ಗರ್ಭಪಾತ ಎಂದು ಕೇಳುತ್ತದೆ. 'ಮುಳ' ಎಂದರೆ ಗಡ್ಡೆ, 'ಮಾಸಮುರ' ಎಂದರೆ ಮುಟ್ಟು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳುವವರು ಜೊತೆಗಿರಲಿ.

ಒಳಪರೀಕ್ಷೆ

ನಾಚಿಕೆಯಿಂದ ಇದನ್ನು ಬಿಟ್ಟು ನೇರ ಸ್ಕ್ಯಾನಿಗೆ ಹೋಗುವವರೇ ಹೆಚ್ಚು. ಆದರೆ ಎರಡು ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇಟ್ಟು ನೋಡಿದಾಗ ಸಿಗುವ ಮಾಹಿತಿ ಬೇರೆಯೇ. ಗರ್ಭಕೋಶದ ಕಂಠವನ್ನು ಅಲುಗಿಸಿದಾಗ ಗಡ್ಡೆಯೂ ಅಲುಗಿದರೆ ಅದು ಗರ್ಭಕೋಶದ್ದಿರಬಹುದು, ಅಲುಗದೆ ಬೇರೆಯಾಗಿ ನಿಂತರೆ ಅಂಡಾಶಯದ್ದು. ಹಿಂಬದಿಯಲ್ಲಿ ಗಟ್ಟಿ ಗಂಟುಗಳು ಸಿಕ್ಕಿದರೆ ಎಂಡೋಮೆಟ್ರಿಯೋಸಿಸ್ ಅಥವಾ ಹರಡಿದ ಕ್ಯಾನ್ಸರ್. '12 ವಾರದ ಸೈಜ್' ಎಂದು ಚೀಟಿಯಲ್ಲಿ ಕಂಡರೆ ಗಾಬರಿ ಬೇಡ, ಗರ್ಭಕೋಶ ಮೂರು ತಿಂಗಳ ಬಸುರಿಯಲ್ಲಿರುವಷ್ಟು ದೊಡ್ಡದಾಗಿದೆ ಎಂಬ ಅಳತೆ ಅದು. 20 ವಾರ ಎಂದರೆ ಹೊಕ್ಕುಳ ಮುಟ್ಟಿದೆ. ಕೋಣೆಯಲ್ಲಿ ಒಬ್ಬ ಹೆಣ್ಣು ಸಿಬ್ಬಂದಿ ಇರಲಿ ಎಂದು ಕೇಳುವುದು ನಿಮ್ಮ ಹಕ್ಕು.

ಪ್ಯಾಪ್ ಪರೀಕ್ಷೆ ಸರಿ ಬಂತು ಎಂಬುದಕ್ಕೂ ಅಂಡಾಶಯಕ್ಕೂ ಸಂಬಂಧವಿಲ್ಲ. ಅದು ಗರ್ಭಕೋಶದ ಕಂಠದ ಪರೀಕ್ಷೆ ಮಾತ್ರ.

ಸ್ಕ್ಯಾನ್ ಮಾಡಿಸುವ ಕ್ರಮ

ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಗೆ ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು, ಮೂತ್ರ ಹಿಡಿದಿರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಬದಿಗೆ ಸರಿಸಿ ಕಿಟಕಿಯಂತೆ ಕೆಲಸ ಮಾಡುತ್ತದೆ. ಯೋನಿಯ ಮೂಲಕ ಮಾಡುವುದಕ್ಕೆ ತದ್ವಿರುದ್ಧ: ಮೂತ್ರ ಖಾಲಿ ಮಾಡಿ ಬರಬೇಕು. ಅಂಡಾಶಯ ಸರಿಯಾಗಿ ಕಾಣುವುದು ಈ ಎರಡನೆಯದರಲ್ಲಿ. ತೀರಾ ದೊಡ್ಡ ಗಡ್ಡೆಗೆ ಎರಡೂ ಬೇಕು. ಮುಟ್ಟು ಬರುತ್ತಿದ್ದರೆ 5ನೇ ದಿನದಿಂದ 10ನೇ ದಿನದೊಳಗೆ ಮಾಡಿಸಿ. ತಿಂಗಳ ಕೊನೆಯಲ್ಲಿ ಮಾಡಿಸಿದರೆ ಆ ತಿಂಗಳ ಗುಳ್ಳೆಯೇ ಹೊಸ ರೋಗವಾಗಿ ವರದಿಗೆ ಬರುತ್ತದೆ.

ವರದಿ ಓದುವಾಗ ಸೆಂಟಿಮೀಟರಿಗಿಂತ ಮೊದಲು ಈ ಪದಗಳನ್ನು ಹುಡುಕಿ. 'ಸಿಂಪಲ್', 'ಯೂನಿಲಾಕ್ಯುಲರ್', 'ಅನೆಕೋಯಿಕ್' ಎಂದರೆ ತೆಳು ಗೋಡೆಯ, ಒಂದೇ ಕೋಣೆಯ ಶುದ್ಧ ನೀರುಗುಳ್ಳೆ, ಹೆಚ್ಚಾಗಿ ನಿರಪಾಯ. 'ಸೆಪ್ಟೇಷನ್' ಎಂದರೆ ಒಳಗೋಡೆಗಳಿವೆ. 'ಸಾಲಿಡ್ ಕಾಂಪೊನೆಂಟ್' ಎಂದರೆ ಗಟ್ಟಿ ಭಾಗ, 'ಪ್ಯಾಪಿಲ್ಲರಿ ಪ್ರೊಜೆಕ್ಷನ್' ಎಂದರೆ ಗೋಡೆಯಿಂದ ಒಳಗೆ ಚಾಚಿದ ಮೊಗ್ಗು, 'ಅಸೈಟಿಸ್' ಎಂದರೆ ಹೊಟ್ಟೆಯಲ್ಲಿ ನೀರು. ಗಟ್ಟಿ ಭಾಗದಲ್ಲಿ ರಕ್ತದ ಹರಿವು ಜೋರಾಗಿದೆ ಎಂದು ಡಾಪ್ಲರ್ ತೋರಿಸಿದರೆ ಅನುಮಾನ ಹೆಚ್ಚು. ಬರೀ 'ಕಾಂಪ್ಲೆಕ್ಸ್ ಸಿಸ್ಟ್, ಸೂಕ್ತ ಚಿಕಿತ್ಸೆ ಪಡೆಯಿರಿ' ಎಂದು ಮುಗಿಸಿದ ವರದಿಯಿಂದ ಏನೂ ತಿಳಿಯುವುದಿಲ್ಲ. ಅನುಭವಿ ರೇಡಿಯಾಲಜಿಸ್ಟ್ ಹತ್ತಿರ ಮತ್ತೊಮ್ಮೆ ಮಾಡಿಸುವುದೇ ಲೇಸು.

ಸಿಎ-125 ಮತ್ತು ಒಂದು ಗುಣಾಕಾರ

ಈ ರಕ್ತಪರೀಕ್ಷೆಯ ವಾಡಿಕೆಯ ಮಿತಿ 35. ಮಿತಿ ದಾಟಿದ ಕೂಡಲೇ ಕ್ಯಾನ್ಸರ್ ಎನ್ನುವಂತಿಲ್ಲ. ಎಂಡೋಮೆಟ್ರಿಯೋಸಿಸ್, ಫೈಬ್ರಾಯ್ಡ್, ಸೋಂಕು, ಕ್ಷಯ, ಲಿವರ್ ರೋಗ, ಗರ್ಭ, ಸಾಮಾನ್ಯ ಮುಟ್ಟಿನ ದಿನಗಳು ಕೂಡ ಅದನ್ನು ಏರಿಸುತ್ತವೆ. ಇನ್ನೊಂದು ಕಡೆ, ಮೊದಲ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮಿತಿಯೊಳಗೇ ಇರುತ್ತದೆ. ಗಡ್ಡೆಯೂ ಇಲ್ಲ, ತೊಂದರೆಯೂ ಇಲ್ಲ ಎಂದಿರುವಾಗ ಪ್ಯಾಕೇಜ್ ಚೆಕಪ್ಪಿನಲ್ಲಿ ಇದನ್ನು ಮಾಡಿಸಿಕೊಳ್ಳುವುದು ದುಡ್ಡು ಕೊಟ್ಟು ನಿದ್ದೆ ಕೆಡಿಸಿಕೊಂಡಂತೆ.

ಬಿಡಿಯಾಗಿ ನೋಡುವ ಬದಲು ಆರ್‌ಎಂಐ ಎಂಬ, ಗಡ್ಡೆ ಕ್ಯಾನ್ಸರ್ ಆಗಿರುವ ಅಪಾಯವನ್ನು ಅಳೆಯುವ ಲೆಕ್ಕ ಹಾಕುತ್ತಾರೆ. ಸ್ಕ್ಯಾನಿನ ಅಂಕ, ಮುಟ್ಟಿನ ಅಂಕ, ಸಿಎ-125 ಈ ಮೂರನ್ನು ಗುಣಿಸುವುದು. ಸ್ಕ್ಯಾನಿನಲ್ಲಿ ಐದು ಲಕ್ಷಣ ನೋಡುತ್ತಾರೆ: ಹಲವು ಕೋಣೆ, ಗಟ್ಟಿ ಭಾಗ, ಎರಡೂ ಬದಿ, ಹೊಟ್ಟೆ ನೀರು, ಬೇರೆಡೆ ಹರಡಿರುವುದು. ಒಂದೂ ಇಲ್ಲದಿದ್ದರೆ 0, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ಬರುತ್ತಿದ್ದರೆ 1, ನಿಂತಿದ್ದರೆ 3. ಗರ್ಭಕೋಶ ತೆಗೆಸಿಕೊಂಡು ಐವತ್ತು ದಾಟಿದವರನ್ನೂ ನಿಂತವರೆಂದೇ ಎಣಿಸುತ್ತಾರೆ. ಉತ್ತರ 200 ದಾಟಿದರೆ ಹೆಂಗಸರ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಬಲ್ಲ ತಜ್ಞರಿಗೆ ಕಳಿಸುವುದು ರೂಢಿ.

58 ವರ್ಷ, ಮುಟ್ಟು ನಿಂತಿದೆ, ಹಲವು ಕೋಣೆ, ಗಟ್ಟಿ ಭಾಗ, ಸಿಎ-125 ಬರೀ 28 ಎಂದಿಟ್ಟುಕೊಳ್ಳಿ. 3×3×28, ಅಂದರೆ 252. ರಕ್ತ 'ನಾರ್ಮಲ್' ಇದ್ದೂ ದೊಡ್ಡ ಕೇಂದ್ರಕ್ಕೆ ಹೋಗಬೇಕಾದವರು ಇವರು. 44 ವರ್ಷ, ಮುಟ್ಟು ಬರುತ್ತಿದೆ, ಎರಡೂ ಬದಿ ಹಲವು ಕೋಣೆಯ ಚಾಕೊಲೇಟ್ ಸಿಸ್ಟ್, ಸಿಎ-125 90 ಇದ್ದರೆ 3×1×90, ಅಂದರೆ 270. ಇಲ್ಲಿ ಕ್ಯಾನ್ಸರ್ ಇಲ್ಲದೆಯೂ ಗೆರೆ ದಾಟಿತು. ಹಾಗಾಗಿ ಈ ಲೆಕ್ಕ ತೀರ್ಪಲ್ಲ, ಯಾರ ಕೈಯಲ್ಲಿ ಮುಂದಿನ ತಪಾಸಣೆ ಆಗಬೇಕೆಂದು ತೋರಿಸುವ ಕೈಮರ.

ಸ್ಕ್ಯಾನಿನಲ್ಲಿ ತೀರ್ಮಾನವಾಗದಿದ್ದರೆ ಎಂಆರ್‌ಐ. ಹರಡಿದೆಯೇ ಎಂದು ನೋಡಲು ಎದೆ-ಹೊಟ್ಟೆಯ ಸಿಟಿ. ಮೊದಲ ದಿನವೇ ಎಲ್ಲವನ್ನೂ ಮಾಡಿಸುವ ಅಗತ್ಯವಿಲ್ಲ. ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಥೈರಾಯ್ಡ್ ಮಾತ್ರ ಶುರುವಿನಲ್ಲೇ ಬೇಕು. ನಲವತ್ತೈದು ದಾಟಿ ರಕ್ತಸ್ರಾವ ಏರುಪೇರಾಗಿದ್ದರೆ, ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡು ಒಳಪದರ 4 ಮಿ.ಮೀ.ಗಿಂತ ದಪ್ಪವಿದ್ದರೆ, ಸಣ್ಣ ನಳಿಕೆಯಿಂದ ಒಳಪದರದ ಬಯಾಪ್ಸಿ ತೆಗೆಯಬೇಕು. ಅದು ಕೆಲವೇ ನಿಮಿಷದ ಕೆಲಸ, ಮುಟ್ಟಿನ ನೋವಿನಷ್ಟು ನೋಯುತ್ತದೆ.

ಕಾಯುವುದು, ತೆಗೆಯುವುದು, ಕೆಡುವುದು

ಮುಟ್ಟು ಬರುತ್ತಿರುವವರಲ್ಲಿ 5 ಸೆಂ.ಮೀ.ಗಿಂತ ಸಣ್ಣ ಸರಳ ನೀರುಗುಳ್ಳೆಗೆ ಏನೂ ಮಾಡಬೇಕಿಲ್ಲ. 5ರಿಂದ 7 ಇದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್, ಅದಕ್ಕೂ ದೊಡ್ಡದಿದ್ದರೆ ಎಂಆರ್‌ಐ ಅಥವಾ ಶಸ್ತ್ರದ ವಿಚಾರ. ಮುಟ್ಟು ನಿಂತವರಲ್ಲಿ 5ಕ್ಕಿಂತ ಸಣ್ಣ ಸರಳ ಗುಳ್ಳೆ, ಸಿಎ-125 ಸರಿಯಿದ್ದರೆ, 4ರಿಂದ 6 ತಿಂಗಳಿಗೊಮ್ಮೆ ನೋಡುತ್ತ ಒಂದು ವರ್ಷ ಬದಲಾಗದಿದ್ದರೆ ಬಿಟ್ಟುಬಿಡಬಹುದು. ತೊಂದರೆ ಕೊಡದ ನಾರುಗಡ್ಡೆಗೂ ಶಸ್ತ್ರ ಬೇಡ. ರಕ್ತ ಹೆಚ್ಚು ಹೋಗುತ್ತಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ, ಕಬ್ಬಿಣಾಂಶ, ಇವೆಲ್ಲ ಶಸ್ತ್ರಕ್ಕೆ ಮೊದಲಿನ ಮೆಟ್ಟಿಲುಗಳು.

'ಮಕ್ಕಳಾಯಿತಲ್ಲ, ಇನ್ನು ಗರ್ಭಕೋಶ ಯಾಕೆ' ಎಂಬುದು ವೈದ್ಯಕೀಯ ಕಾರಣವಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವ ದಂಧೆ ತಡೆಯಲು ಮಾರ್ಗಸೂಚಿ ಜಾರಿಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ನಲವತ್ತೆರಡರಲ್ಲಿ ಆರೋಗ್ಯವಾಗಿರುವ ಅಂಡಾಶಯವನ್ನೂ ಜೊತೆಗೆ ತೆಗೆದರೆ ಮೂಳೆ ಸವೆತ, ಹೃದಯದ ತೊಂದರೆ ಬೇಗ ಬರುತ್ತವೆ. 'ಅಂಡಾಶಯ ಉಳಿಸುತ್ತೀರಾ, ಇಲ್ಲವಾದರೆ ಯಾಕೆ?' ಎಂದು ಬಾಯಿಬಿಟ್ಟು ಕೇಳಿ.

ಅನುಮಾನದ ಗುಳ್ಳೆಗೆ ಸೂಜಿ ಚುಚ್ಚಿ ನೀರು ತೆಗೆಸುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಒಳಗೆ ಕ್ಯಾನ್ಸರ್ ಇದ್ದರೆ ಅದು ಹೊಟ್ಟೆಯೊಳಗೆ ಚೆಲ್ಲಿ, ಅಂಡಾಶಯದಲ್ಲೇ ಇದ್ದ ರೋಗದ ಹಂತವೇ ಏರಿಬಿಡುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಚೂರು ಮಾಡಿ ಹೊರಗೆಳೆಯುವುದಕ್ಕೂ ಅದೇ ಅಪಾಯ, ಇಡಿಯಾಗಿ ಚೀಲದೊಳಗಿಟ್ಟು ತೆಗೆಯಬೇಕು. ಹೊಟ್ಟೆಯಲ್ಲಿ ತುಂಬಿದ ನೀರನ್ನು ಪರೀಕ್ಷೆಗೆ ತೆಗೆಯುವುದು ಬೇರೆ ಸಂಗತಿ, ಅದನ್ನು ಇದರ ಜೊತೆ ಬೆರೆಸಬೇಡಿ. ಅನುಮಾನವಿದ್ದಲ್ಲಿ ಮೊದಲ ಆಪರೇಷನ್ನೇ ಸರಿಯಾದ ಕೈಯಲ್ಲಿ ಆಗಬೇಕು. ಹತ್ತಿರದಲ್ಲಿ ಅರ್ಧ ತೆಗೆಸಿ ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದರೆ ಮತ್ತೊಮ್ಮೆ ಕೊಯ್ಯಬೇಕಾಗುತ್ತದೆ.

ಮೊದಲ ತಪಾಸಣೆಗೆ ಊರಿನ ಕುಟುಂಬ ಆರೋಗ್ಯ ಕೇಂದ್ರ, ಆಮೇಲೆ ಕಾಸರಗೋಡಿನ ಜನರಲ್ ಆಸ್ಪತ್ರೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಸಾಕು. ಕ್ಯಾನ್ಸರಿನ ಅನುಮಾನವಿದ್ದರೆ ದಕ್ಷಿಣಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ರೈಲಿನಲ್ಲಿ ಹೋಗಬಹುದು. ಉತ್ತರಕ್ಕೆ ಸುಮಾರು 50 ಕಿ.ಮೀ. ಹೋದರೆ ಮಂಗಳೂರು. ಅಲ್ಲಿ ಲೇಡಿ ಗೋಶನ್ ಹೆಂಗಸರ ಸರಕಾರಿ ಆಸ್ಪತ್ರೆ, ಜೊತೆಗೆ ಹಲವು ಮೆಡಿಕಲ್ ಕಾಲೇಜುಗಳು. ಭಾಷೆಯ ಮಟ್ಟಿಗೆ ಮಂಗಳೂರು ಹಗುರ, ಆದರೆ ಕೇರಳದ ಆರೋಗ್ಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮುನ್ನವೇ ಆ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ. ದಾಖಲಾದ ಮೇಲೆ ಕೇಳಿದರೆ ಬಿಲ್ಲು ಕೈಯಿಂದಲೇ ಹೋಗಬಹುದು. ಎಲ್ಲಿಗೇ ಹೋದರೂ ಸ್ಕ್ಯಾನಿನ ವರದಿ ಮಾತ್ರವಲ್ಲ, ಚಿತ್ರಗಳ ಸಿಡಿಯನ್ನೂ ಒಯ್ಯಿರಿ.

ತೆಗೆದ ಗಡ್ಡೆಯನ್ನು ಮನೆಯವರಿಗೆ ತೋರಿಸಿ ಮುಗಿಸುವಂತಿಲ್ಲ, ಅದು ಪೂರ್ತಿಯಾಗಿ ಪ್ಯಾಥಾಲಜಿಗೆ ಹೋಗಬೇಕು. ಒಂದೆರಡು ವಾರದೊಳಗೆ ವರದಿ ಬರುತ್ತದೆ. ಹೊಲಿಗೆ ಬಿಚ್ಚಿಸಿಕೊಂಡು ಬರುವ ದಿನ ಅದನ್ನು ಕೇಳಿ ಪಡೆಯಿರಿ. ಬೇರೆ ಕಡೆ ಎರಡನೇ ಅಭಿಪ್ರಾಯ ಬೇಕಾದರೆ ಸ್ಲೈಡು ಮತ್ತು ಪ್ಯಾರಾಫಿನ್ ಬ್ಲಾಕ್ ಬೇಕೆಂದು ಪ್ಯಾಥಾಲಜಿ ಲ್ಯಾಬಿಗೆ ಬರೆದುಕೊಟ್ಟು ಕೇಳಬೇಕು.